ಈಸಲು ಹುಳ ರೆಕ್ಕೆ ಉದುರಿಸಿಕೊಳ್ಳುವುದು ಯಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ, ಕೆಳಗೆ ಸ್ವಲ್ಪ ಗದ್ದೆ. ಮೊದಲ ಮಳೆ ಬಿದ್ದ ಸಂಜೆ ಈಸಲು ಏಳುತ್ತವೆ, ಲೈಟಿಗೆ ಮುತ್ತುತ್ತವೆ, ಸ್ವಲ್ಪ ಹೊತ್ತಿಗೆಲ್ಲ ರೆಕ್ಕೆ ಉದುರಿಸಿಕೊಂಡು ನೆಲದಲ್ಲಿ ಹರಿದಾಡುತ್ತವೆ. ಇಷ್ಟು ಹೊತ್ತಿನ ಹಾರಾಟಕ್ಕೆ ರೆಕ್ಕೆ ಯಾಕೆ ಬೇಕಿತ್ತು? ಎರಡನೆಯದು, ಗದ್ದೆಗೆ ಕಂದು ಜಿಗಿಹುಳು ಬಂದಾಗ ಕೆಲವಕ್ಕೆ ಉದ್ದ ರೆಕ್ಕೆ, ಕೆಲವಕ್ಕೆ ಮೋಟು ರೆಕ್ಕೆ. ಇವು ಬೇರೆ ಬೇರೆ ಜಾತಿಯಾ? ಮೂರನೆಯದು, ಪಕ್ಕದ ತೋಟದವರು ಕೊಯ್ಲಾದ ಮೇಲೆ ಉದುರು ಕಾಯಿ ಆರಿಸುವುದಿಲ್ಲ. ಅಲ್ಲಿಂದ ಕಾಫಿ ಕಾಯಿ ಕೊರೆಯುವ ಹುಳ, ಬೆರ್ರಿ ಬೋರರ್, ಹಾರಿ ನಮ್ಮ ತೋಟಕ್ಕೆ ಬರುತ್ತದಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ನನಗೆ ಮಾತ್ರ ಅವು ಮೂರೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಹಾರುವುದಕ್ಕೆ ಹುಳ ಏನು ಬೆಲೆ ಕೊಡುತ್ತದೆ, ಯಾವಾಗ ಕೊಡುತ್ತದೆ, ಯಾವಾಗ ಕೊಡದೆ ಉಳಿಸಿಕೊಳ್ಳುತ್ತದೆ ಅನ್ನುವುದೇ ಇಲ್ಲಿನ ವಿಷಯ. ಇದಕ್ಕೆ ಉತ್ತರ ಸಿಕ್ಕಿದರೆ ಬೋರರ್ ವಿಚಾರವೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಈಸಲು ಅಂದರೆ ಬೇರೆ ಹುಳ ಅಲ್ಲ, ಗೆದ್ದಲೇ. ಹುತ್ತದೊಳಗೆ ಲಕ್ಷಗಟ್ಟಲೆ ಗೆದ್ದಲು ಇರುತ್ತವೆ. ಕೆಲಸ ಮಾಡುವವು, ಕಾವಲು ಕಾಯುವವು. ಇವಕ್ಕೆ ರೆಕ್ಕೆ ಬರುವುದಿಲ್ಲ, ಮೊಟ್ಟೆ ಇಡುವ ಕೆಲಸವೂ ಇವುಗಳದ್ದಲ್ಲ. ಇವುಗಳ ಜೊತೆಗೆ ಗೂಡು ಇನ್ನೊಂದು ಥರದ ಗಂಡು ಹೆಣ್ಣುಗಳನ್ನು ಬೆಳೆಸುತ್ತದೆ. ಮೈ ಬಣ್ಣ ಗಾಢ, ಕಣ್ಣು ಚೆನ್ನಾಗಿ ಕಾಣುತ್ತದೆ, ಬೆನ್ನ ಮೇಲೆ ಮೈಗಿಂತ ಉದ್ದದ ನಾಲ್ಕು ರೆಕ್ಕೆ. ಮಳೆಗೆ ಮುಂಚೆಯೇ ಇವು ತಯಾರಾಗಿ ಒಳಗೆ ಕಾಯುತ್ತಿರುತ್ತವೆ. ನೆಲ ಮೆತ್ತಗಾಗಿ ಗಾಳಿಯಲ್ಲಿ ತೇವ ತುಂಬಿದ ಮೇಲೆ ಕೆಲಸದ ಗೆದ್ದಲುಗಳು ಹುತ್ತಕ್ಕೆ ತೂತು ಮಾಡಿ ದಾರಿ ಬಿಡುತ್ತವೆ. ಸುತ್ತಮುತ್ತಲಿನ ಎಷ್ಟೋ ಹುತ್ತಗಳಲ್ಲಿ ಇದು ಒಂದೇ ಸಂಜೆ ನಡೆಯುತ್ತದೆ, ಇದರಿಂದ ಎರಡು ಲಾಭ. ಬೇರೆ ಹುತ್ತದ ಜೋಡಿ ಸಿಗುತ್ತದೆ, ಮತ್ತೆ ತಿನ್ನುವವರ ಹೊಟ್ಟೆ ತುಂಬಿ ಇನ್ನೂ ಒಂದಷ್ಟು ಹುಳ ಉಳಿಯುತ್ತದೆ. ಕಾಜಾಣ, ಗೊರವಂಕ, ಕಪ್ಪೆ, ಹಲ್ಲಿ, ಇರುವೆ, ಎಲ್ಲಕ್ಕೂ ಆ ಸಂಜೆ ಹಬ್ಬ. ನಮ್ಮ ಹಾಸನದ ಕಡೆ ಹಿಂದಿನವರು ಈಸಲು ಹಿಡಿದು ಹುರಿದು ತಿನ್ನುತ್ತಿದ್ದದ್ದೂ ಇದೇ ಸಂಜೆಗಳಲ್ಲಿ.

ಮುಂದಿನ ಸಲ ಈಸಲು ಎದ್ದಾಗ ಲೈಟಿನ ಕೆಳಗಿನ ಗುಂಪು ಬಿಟ್ಟು, ಅಂಗಳದ ಅಂಚಿನಲ್ಲಿ ಒಂಟಿಯಾಗಿ ಇಳಿದ ಒಂದು ಹುಳದ ಪಕ್ಕ ಕೂತು ನೋಡಿ. ಇಳಿದ ಹೆಣ್ಣು ಸ್ವಲ್ಪ ಹೊತ್ತು ಹೊಟ್ಟೆಯ ತುದಿಯನ್ನು ಎತ್ತಿ ಹಿಡಿದು ನಿಲ್ಲುತ್ತದೆ. ಹಾಗೆ ನಿಂತು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಗಂಡು ಬಂದು ಮೀಸೆಯಿಂದ ಮುಟ್ಟಿದ ಮೇಲೆ ಎರಡೂ ಸಾಲಾಗಿ ಹೊರಡುತ್ತವೆ, ಹೆಣ್ಣು ಮುಂದೆ, ಗಂಡು ಅದರ ಬೆನ್ನಿಗೇ ಅಂಟಿಕೊಂಡ ಹಾಗೆ ಹಿಂದೆ. ರೆಕ್ಕೆ ಉದುರುವುದು ಈ ಹೊತ್ತಿನಲ್ಲಿ. ಹುಳ ಒದ್ದಾಡಿ ಅದನ್ನು ಕೀಳುವುದಿಲ್ಲ. ರೆಕ್ಕೆಯ ಬುಡದಲ್ಲಿ ಮೊದಲೇ ಒಂದು ತೆಳು ಗೆರೆ ಇರುತ್ತದೆ, ಮೈಯನ್ನು ಸ್ವಲ್ಪ ಬಾಗಿಸಿ ನೆಲಕ್ಕೆ ಒತ್ತಿದರೆ ಸಾಕು, ಆ ಗೆರೆಗೆ ಸರಿಯಾಗಿ ಮುರಿಯುತ್ತದೆ. ಬೆನ್ನ ಮೇಲೆ ನಾಲ್ಕು ಸಣ್ಣ ಚೂರು ಮಾತ್ರ ಉಳಿಯುತ್ತದೆ. ಅಂದರೆ ಹುಟ್ಟುವಾಗಲೇ ಮುರಿಯುವುದಕ್ಕೆ ಜಾಗ ಮಾಡಿಕೊಂಡು ಬೆಳೆದ ರೆಕ್ಕೆ ಅದು. ಬೆಳಿಗ್ಗೆ ಜಗಲಿ ಗುಡಿಸಿದರೆ ಮೊರದ ತುಂಬಾ ಸಿಗುವುದು ಇವೇ.

ಆಮೇಲೆ ಆಗುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜೋಡಿ ಮಣ್ಣಲ್ಲಿ ಸಣ್ಣ ಗೂಡು ತೋಡಿ ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಮೊದಲ ಮರಿಗಳು ಬೆಳೆದು ಕೆಲಸಕ್ಕೆ ಹೊರಡುವ ತನಕ ಹೊರಗಿನ ಆಹಾರ ಇಲ್ಲ. ಹಾಗಾದರೆ ಮರಿಗೆ ಏನು ತಿನ್ನಿಸಬೇಕು? ಹುಟ್ಟಿದ ಗೂಡು ಮೈಯಲ್ಲಿ ಕೂಡಿಸಿ ಕಳಿಸಿದ ಕೊಬ್ಬು ಇರುತ್ತದೆ. ಅದರ ಜೊತೆಗೆ ಎದೆಯೊಳಗೆ ರೆಕ್ಕೆ ಬಡಿಯುವುದಕ್ಕೆಂದು ಇದ್ದ ದಪ್ಪ ಸ್ನಾಯುಗಳೂ ಇರುತ್ತವೆ. ಇನ್ನು ಹಾರುವುದೇ ಇಲ್ಲವಲ್ಲ, ಆ ಸ್ನಾಯುಗಳನ್ನು ಮೈ ಕರಗಿಸಿಕೊಳ್ಳುತ್ತದೆ. ಒಂದು ಸಂಜೆ ಹಾರಿಸಿದ ಮಾಂಸ ಮೊಟ್ಟೆಗೂ ಮೊದಲ ಮರಿಗಳ ತುತ್ತಿಗೂ ಹೋಗುತ್ತದೆ. ರೆಕ್ಕೆ ತೆಳು ಹಾಳೆ ಅಷ್ಟೆ, ಬಿಸಾಡಿದರೆ ದೊಡ್ಡ ನಷ್ಟ ಇಲ್ಲ. ನಿಜವಾದ ಆಸ್ತಿ ಎದೆಯ ಸ್ನಾಯು. ಅದನ್ನು ಹುಳ ಬಿಸಾಡುವುದಿಲ್ಲ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ, ವಿಷಯದಿಂದ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ ಅಣಬೆ ಗೊತ್ತಲ್ಲ, ಅದು ಗೆದ್ದಲುಗಳೇ ಗೂಡೊಳಗೆ ಸಾಕುವ ಬೂಸ್ಟಿನ ಅಣಬೆ. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲು ಈ ಬೂಸ್ಟು ಇಲ್ಲದೆ ಬದುಕುವುದಿಲ್ಲ. ಆದರೆ ಇಂಥ ಗೆದ್ದಲುಗಳ ಬಹುಪಾಲು ಜಾತಿಗಳಲ್ಲಿ ಹಾರಿ ಹೋಗುವ ಜೋಡಿ ಅದನ್ನು ಜೊತೆಗೆ ಒಯ್ಯುವುದಿಲ್ಲ. ಹೊಸ ಗೂಡಿನ ಮೊದಲ ಕೆಲಸಗಾರರು ಹೊರಗೆ ಬರುವ ಹೊತ್ತಿಗೆ ಹಳೆಯ ಹುತ್ತಗಳ ಅಣಬೆ ಎದ್ದು ಬೀಜಕಣ ಉದುರಿಸಿರುತ್ತವೆ. ಅವನ್ನು ಹೆಕ್ಕಿ ತಂದು ಹೊಸ ಗೂಡಲ್ಲಿ ಬೂಸ್ಟಿನ ತೋಟ ಶುರು ಮಾಡುತ್ತವೆ. ಹುಳ ಒಂದು ದಾರಿಯಲ್ಲಿ, ಬೂಸ್ಟು ಇನ್ನೊಂದು ದಾರಿಯಲ್ಲಿ ಊರು ಬಿಟ್ಟು ಹೊಸ ಜಾಗದಲ್ಲಿ ಸೇರುವುದನ್ನು ನೆನೆದರೆ ನನಗೆ ಇವತ್ತಿಗೂ ಆಶ್ಚರ್ಯವಾಗುತ್ತದೆ.

ಈಗ ಬೆಲೆಯ ವಿಚಾರ. ಹಾರುವಾಗ ಕೀಟದ ಮೈ ಸುಮ್ನೆ ಕೂತಾಗಿನದಕ್ಕಿಂತ ಐವತ್ತು ನೂರು ಪಟ್ಟು ಜಾಸ್ತಿ ಶಕ್ತಿ ಸುಡಬಲ್ಲದು. ಅದೂ ಹಾರುವ ಹೊತ್ತಿನ ಖರ್ಚು ಮಾತ್ರ. ಹಾರದೆ ಕೂತಿದ್ದಾಗಲೂ ಆ ಸ್ನಾಯುಗಳನ್ನು ಬೆಳೆಸಬೇಕು, ಸಾಕಬೇಕು, ಉರುವಲಾಗಿ ಕೊಬ್ಬು ಕೂಡಿಸಬೇಕು. ಅಮೆರಿಕದ ಒಂದು ಜಾತಿಯ ಚಿಮ್ಮಂಡೆಯಲ್ಲಿ (ರಾತ್ರಿ ಕಿರ್ರೆನ್ನುವ ಕ್ರಿಕೆಟ್ ಹುಳ) ಉದ್ದ ರೆಕ್ಕೆಯವೂ ಮೋಟು ರೆಕ್ಕೆಯವೂ ಹುಟ್ಟುತ್ತವೆ. ಆಂಥೊನಿ ಝೆರಾ ಎಂಬ ವಿಜ್ಞಾನಿ ಮತ್ತು ಜೊತೆಯವರು ಎರಡನ್ನೂ ಬಹಳ ಕಾಲ ಹೋಲಿಸಿ ನೋಡಿದರು. ಪ್ರಾಯಕ್ಕೆ ಬಂದ ಮೊದಲ ವಾರದಲ್ಲಿ ಮೋಟು ರೆಕ್ಕೆಯ ಹೆಣ್ಣಿನ ಅಂಡಾಶಯ ಬೇಗ ಬೇಗ ಬೆಳೆಯುತ್ತದೆ, ಉದ್ದ ರೆಕ್ಕೆಯ ಹೆಣ್ಣು ತಿಂದದ್ದನ್ನು ಕೊಬ್ಬಾಗಿ ಹಾರಾಟಕ್ಕೆ ಎತ್ತಿಡುತ್ತದೆ. ಒಂದೇ ಮೇವು, ಎರಡು ದಾರಿ. ರೆಕ್ಕೆಯ ಲೆಕ್ಕವನ್ನು ಕೊನೆಗೆ ಮೊಟ್ಟೆಯಲ್ಲಿ ತೀರಿಸಬೇಕು. ಈ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಇಷ್ಟು ದುಬಾರಿ ವಸ್ತು ಹುಟ್ಟಿದ್ದಾದರೂ ಹೇಗೆ? ಅದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಭೂಮಿಯ ಮೇಲೆ ಸ್ವಂತ ಬಲದಿಂದ ಹಾರುವುದನ್ನು ಕಲಿತವರು ನಾಲ್ಕೇ ಗುಂಪು. ಕೀಟ, ಡೈನೋಸಾರ್ ಕಾಲದ ಹಾರುವ ಸರೀಸೃಪ, ಹಕ್ಕಿ, ಬಾವಲಿ. ಇವರಲ್ಲಿ ಕೀಟಗಳೇ ಮೊದಲು. ರೆಕ್ಕೆಯ ಪಳೆಯುಳಿಕೆ 32 ಕೋಟಿ ವರ್ಷಕ್ಕೂ ಹಿಂದಿನದು ಸಿಕ್ಕಿದೆ, ಜೀನ್‌ಗಳ ಲೆಕ್ಕ ಹಿಡಿದವರು ಸುಮಾರು 40 ಕೋಟಿ ವರ್ಷ ಅನ್ನುತ್ತಾರೆ. ಹಕ್ಕಿಗಳು ಬಂದದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ರೆಕ್ಕೆ ಬೆನ್ನಿನ ಚಿಪ್ಪು ಚಾಚಿಕೊಂಡು ಬಂದದ್ದಾ, ಪೂರ್ವಜರ ಕಾಲಿನ ಬುಡದ ಭಾಗದಿಂದ ಬಂದದ್ದಾ, ಎರಡೂ ಕೂಡಿ ಆದದ್ದಾ ಅನ್ನುವ ಜಗಳ ನೂರು ವರ್ಷಕ್ಕೂ ಹಳೆಯದು, ಇನ್ನೂ ಮುಗಿದಿಲ್ಲ. ನಮಗೆ ಇಲ್ಲಿ ಬೇಕಾದದ್ದು ಅದರ ಮುಂದಿನ ಕಥೆ. ಒಮ್ಮೆ ಬಂದ ರೆಕ್ಕೆಯನ್ನು ಕೀಟಗಳು ಬೇರೆ ಬೇರೆ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಳೆದುಕೊಂಡಿವೆ. ತಲೆಯ ಹೇನು, ನಾಯಿಯ ಚಿಗಟ, ಮಂಚದ ತಿಗಣೆ, ಎಲ್ಲವೂ ರೆಕ್ಕೆ ಇದ್ದ ಪೂರ್ವಜರ ಮಕ್ಕಳೇ. ಊಟದ ಮೇಲೋ ಪಕ್ಕದಲ್ಲೋ ವಾಸ ಇದ್ದು, ಊರಿಂದ ಊರಿಗೆ ಹೊತ್ತೊಯ್ಯುವುದಕ್ಕೂ ಬೇರೆಯವರು ಇರುವಾಗ ಸ್ವಂತ ರೆಕ್ಕೆ ಯಾಕೆ ಸಾಕಬೇಕು, ಅಲ್ವಾ?

ಹಾಗಾದರೆ ರೆಕ್ಕೆ ಯಾರಿಗೆ ಲಾಭ? 1962ರಲ್ಲಿ ಇಂಗ್ಲೆಂಡಿನ ಸೌತ್‌ವುಡ್ ಎಂಬ ಕೀಟಶಾಸ್ತ್ರಜ್ಞ ಬಹಳ ಸರಳವಾದ ಮಾತೊಂದನ್ನು ಸಾಧಿಸಿ ತೋರಿಸಿದರು. ವಾಸದ ಜಾಗ ಎಷ್ಟು ಬೇಗ ಹಾಳಾಗುತ್ತದೋ, ಅಲ್ಲಿನ ಕೀಟ ಅಷ್ಟು ಜಾಸ್ತಿ ಹಾರುತ್ತದೆ. ಮಳೆಯ ಗುಂಡಿ, ಒಂದು ಬೆಳೆಯ ಹೊಲ, ಸಗಣಿ, ಕೊಳೆತ ಹಣ್ಣು, ಇವು ಬೇಗ ಮುಗಿದುಹೋಗುವ ಮನೆಗಳು. ಹಳೆಯ ಕಾಡು, ಬತ್ತದ ಹಳ್ಳ, ಬೆಟ್ಟದ ನೆತ್ತಿ, ಇವು ಬಾಳುವ ಮನೆಗಳು.

ಇದಕ್ಕೆ ಉದಾಹರಣೆ ನಿಮ್ಮ ಗದ್ದೆಯ ಮೇಲೇ ಇದೆ. ಮಳೆಗಾಲದ ಕೊನೆಕೊನೆಗೆ ಬಿಸಿಲು ಬಂದ ದಿನ ಗದ್ದೆ ಮೇಲೂ ರಸ್ತೆ ಮೇಲೂ ಅರಿಶಿನ ಬಣ್ಣದ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ, ಕೂರದೆ, ತೇಲುತ್ತಾ ಸುತ್ತುತ್ತವಲ್ಲ, ಅದರ ಹೆಸರು ಪಾಂಟಾಲ ಫ್ಲಾವೆಸೆನ್ಸ್. ಇದು ಮೊಟ್ಟೆ ಇಡುವುದು ಮಳೆಯ ಗುಂಡಿಗಳಲ್ಲಿ. ಗುಂಡಿ ಬತ್ತುವ ಮುಂಚೆ ಮರಿ ಬೆಳೆದು ಮುಗಿಯಬೇಕು, ಆರೇಳು ವಾರದಲ್ಲಿ ಮುಗಿಸುತ್ತದೆ ಕೂಡ. ಆಮೇಲೆ ಇನ್ನೊಂದು ಮಳೆ ಹುಡುಕಿಕೊಂಡು ಹೊರಡಬೇಕು. ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಇವು ಲಕ್ಷಾಂತರ ಸಂಖ್ಯೆಯಲ್ಲಿ ದ್ವೀಪಗಳಿಗೆ ಬಂದಿಳಿಯುವುದನ್ನು ಗಮನಿಸಿದರು. ಅಲ್ಲಿ ಮರಿ ಮಾಡುವುದಕ್ಕೆ ಸಿಹಿನೀರೇ ಹೆಚ್ಚಿಗೆ ಇಲ್ಲ. 2009ರಲ್ಲಿ ಅವರು ಮುಂದಿಟ್ಟ ವಾದ ಇದು: ಇವು ಭಾರತದಿಂದ ಹೊರಟು, ಎತ್ತರದ ಈಶಾನ್ಯ ಗಾಳಿ ಹಿಡಿದು, ಮಳೆಯ ಪಟ್ಟಿಯ ಹಿಂದೆ ಹಿಂದೆ ಸಮುದ್ರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ, ಅವುಗಳ ಮಕ್ಕಳು ಮೊಮ್ಮಕ್ಕಳು ಮುಂಗಾರಿನ ಗಾಳಿಯಲ್ಲಿ ವಾಪಸ್ ಬರುತ್ತವೆ. ಹೋಗಿ ಬರುವ ಸುತ್ತು 14,000ದಿಂದ 18,000 ಕಿಲೋಮೀಟರ್ ಆಗಬಹುದು ಎಂಬುದು ಅವರ ಲೆಕ್ಕ. 2012ರಲ್ಲಿ ಇನ್ನೊಂದು ತಂಡ ಮಾಲ್ಡೀವ್ಸಿನಲ್ಲಿ ಹಿಡಿದವುಗಳ ರೆಕ್ಕೆಯಲ್ಲಿನ ಹೈಡ್ರೋಜನ್ ಪರೀಕ್ಷೆ ಮಾಡಿ, ಅವು ಬೆಳೆದ ನೀರು ಉತ್ತರ ಭಾರತ ಅಥವಾ ಅದರಾಚೆಯದು ಎಂದು ಕಂಡುಕೊಂಡಿತು. ನಾಲ್ಕೈದು ಸೆಂಟಿಮೀಟರ್ ಉದ್ದದ ಹುಳ! ಇದರ ಪಕ್ಕದಲ್ಲೇ, ಬಿಸಿಲೆ ಘಾಟಿ, ಚಾರ್ಮಾಡಿ ಕಡೆಯ ನೆರಳಿನ ಹಳ್ಳಗಳಲ್ಲಿ ಇದರ ದಾಯಾದಿಗಳಿವೆ, ರೆಕ್ಕೆ ಮಡಚಿ ಕೂರುವ ತೆಳ್ಳನೆಯ ಜಾತಿಗಳು. ಅವುಗಳಲ್ಲಿ ಎಷ್ಟೋ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹುಟ್ಟಿದ ಹಳ್ಳ ವರ್ಷವಿಡೀ ಹರಿಯುವಾಗ ಅವು ಹೊರಡುವ ಅಗತ್ಯ ಬೀಳುವುದಿಲ್ಲ. ಆ ಹಳ್ಳ ಕೆಟ್ಟರೆ ಮಾತ್ರ ಅವಕ್ಕೆ ಹೋಗಲು ಜಾಗ ಇಲ್ಲ. ಹಳ್ಳದ ಬದಿಯ ಮರ ಕಡಿಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ದ್ವೀಪದ ಕಥೆ ಇನ್ನೂ ಹಳೆಯದು. ಮಡೀರಾ ಎಂಬ ದ್ವೀಪದಲ್ಲಿ ಆಗ ಗೊತ್ತಿದ್ದ 550 ಜಾತಿಯ ಜೀರುಂಡೆಗಳಲ್ಲಿ 200 ಜಾತಿಗಳು ಹಾರಲಾರದಷ್ಟು ಸಣ್ಣ ರೆಕ್ಕೆಯವು ಅಂತ ಡಾರ್ವಿನ್ 1859ರಲ್ಲಿ ಬರೆದರು. ಹಾರಿದವನ್ನು ಗಾಳಿ ಸಮುದ್ರಕ್ಕೆ ಒಯ್ದಿತು, ಹಾರದವು ಉಳಿದವು ಅಂದರು. ನಂತರದವರು ಒಪ್ಪಲಿಲ್ಲ. ಬೆಟ್ಟದ ತಲೆಯ ಮೇಲೆ, ಸಮುದ್ರವೇ ಇಲ್ಲದ ಕಡೆ ಕೂಡ ಹಾರದ ಜೀರುಂಡೆ ಇದ್ದಾವಲ್ಲ, ಜಾಗ ಸ್ಥಿರವಾಗಿದ್ದರೆ ರೆಕ್ಕೆ ಉಳಿಯುವುದಿಲ್ಲ ಅಷ್ಟೆ ಅಂದರು. ಆದರೆ ಅಂಟಾರ್ಕ್ಟಿಕದ ಸುತ್ತಲ ದ್ವೀಪಗಳ ಕೀಟಗಳನ್ನು ಲೆಕ್ಕ ಹಾಕಿ 2020ರಲ್ಲಿ ಪ್ರಕಟವಾದ ಅಧ್ಯಯನ ಗಾಳಿಯ ಪರವಾಗಿಯೇ ಹೇಳಿತು, ಅಲ್ಲಿನ ಮೂಲ ಕೀಟಗಳಲ್ಲಿ ಹೆಚ್ಚುಕಡಿಮೆ ಅರ್ಧ ಹಾರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಎರಡೂ ಸೇರಿಯೇ ಕೆಲಸ ಮಾಡುತ್ತವೆ. ಜೋರು ಗಾಳಿಯಲ್ಲಿ ಹಾರುವ ಖರ್ಚು ಜಾಸ್ತಿ, ಹಾರಿದರೆ ಸಿಗುವುದು ಕಡಿಮೆ. ಮುಳ್ಳಯ್ಯನಗಿರಿಯ ಮೇಲೆ ಜೋರು ಗಾಳಿಯ ದಿನ ಹುಲ್ಲಿನ ಬುಡ ಕೆದಕಿ ನೋಡಿ, ಗಾಳಿಗೆ ಮೈ ಒಡ್ಡಿ ಹಾರುವ ಧೈರ್ಯ ಎಷ್ಟು ಹುಳಕ್ಕಿದೆ ಅಂತ ಗೊತ್ತಾಗುತ್ತದೆ.

ಹಾಗಂತ ಜಾಗ ಸ್ಥಿರವಾಗಿದ್ದರೆ ಎಲ್ಲರೂ ಮನೆಯಲ್ಲೇ ಕೂರಬೇಕು ಅಂತ ಅಲ್ಲ. 1977ರಲ್ಲಿ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಮೇ ಎಂಬಿಬ್ಬರು ಒಂದು ಲೆಕ್ಕ ಮಾಡಿದರು, ಇದು ನನಗೆ ಬಹಳ ಇಷ್ಟವಾದದ್ದು. ಜಾಗ ಎಂದೂ ಹಾಳಾಗುವುದಿಲ್ಲ ಅಂದುಕೊಳ್ಳಿ. ಊರು ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಒಂದೇ ಬದುಕುತ್ತದೆ ಅಂತಲೂ ಇಟ್ಟುಕೊಳ್ಳಿ. ಆಗಲೂ ತಾಯಿ ಅರ್ಧದಷ್ಟು ಮಕ್ಕಳನ್ನು ಕಳಿಸುವುದೇ ಲಾಭ ಅಂತ ಲೆಕ್ಕ ಹೇಳುತ್ತದೆ. ಕಾರಣ, ಎಲ್ಲರೂ ಉಳಿದರೆ ಅಣ್ಣ ತಮ್ಮಂದಿರೇ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಳ್ಳಬೇಕು, ನಾಲ್ಕು ಎಕರೆ ತೋಟವನ್ನು ಐದು ಪಾಲು ಮಾಡಿದ ಹಾಗೆ. ಈಸಲಿನ ನೂರಾರು ಜೋಡಿಗಳಲ್ಲಿ ಗೂಡು ಕಟ್ಟುವುದು ಬೆರಳೆಣಿಕೆಯಷ್ಟು ಮಾತ್ರ. ಹುತ್ತ ಮಾತ್ರ ಎಷ್ಟೋ ವರ್ಷ ಗಟ್ಟಿಯಾಗಿ ನಿಂತಿರುತ್ತದೆ. ಆದರೂ ಪ್ರತಿ ವರ್ಷ ಕಳಿಸುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಅದು ದಂಡದ ಖರ್ಚು ಅಂತ ಅನ್ನಿಸುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಂದು ಜಿಗಿಹುಳುವಿನ ಉದ್ದ ರೆಕ್ಕೆ, ಮೋಟು ರೆಕ್ಕೆ ಎರಡೂ ಒಂದೇ ಜಾತಿ. ಒಂದೇ ತಾಯಿಯ ಮಕ್ಕಳೂ ಆಗಿರಬಹುದು. ಭತ್ತದ ಬುಡವನ್ನು ಬಾಗಿಸಿ ನೀರಿನ ಮೇಲೆ ತಟ್ಟಿ ನೋಡಿ. ದಪ್ಪ ಹೊಟ್ಟೆಯ, ರೆಕ್ಕೆ ಅರ್ಧ ಬೆನ್ನಿಗೇ ನಿಂತ ಹೆಣ್ಣುಗಳು ಬೀಳುತ್ತವೆ, ಅವು ನಡೆದು ಜಿಗಿದು ಪಕ್ಕದ ತೆಂಡೆಗೆ ಹೋಗಬಲ್ಲವೇ ಹೊರತು ಹಾರಲಾರವು. ಸಣ್ಣ ಮೈಯ, ರೆಕ್ಕೆ ಹೊಟ್ಟೆಯ ತುದಿ ದಾಟಿ ಚಾಚಿಕೊಂಡವು ಹಾರುವವು. ಉದ್ದ ರೆಕ್ಕೆಯವು ಗಾಳಿಯಲ್ಲಿ ಬಂದು ಎಳೆಯ ಪೈರಿಗೆ ಇಳಿಯುತ್ತವೆ, ಮೊಟ್ಟೆ ಇಡುತ್ತವೆ. ಮೇವು ಚೆನ್ನಾಗಿದೆ, ಜಾಗ ಬೇಕಾದಷ್ಟಿದೆ, ಆಗ ಮಕ್ಕಳಲ್ಲಿ ಬಹಳಷ್ಟು ಹೆಣ್ಣು ಮೋಟು ರೆಕ್ಕೆಯವಾಗುತ್ತವೆ. ಇವು ಉದ್ದ ರೆಕ್ಕೆಯವಕ್ಕಿಂತ ಬೇಗ ಮೊಟ್ಟೆ ಶುರು ಮಾಡುತ್ತವೆ, ಜಾಸ್ತಿಯೂ ಇಡುತ್ತವೆ. ಗುಂಪು ಒತ್ತೊತ್ತಾಗಿ, ಪೈರು ಹಳದಿಯಾಗಿ ರಸ ಕಡಿಮೆಯಾಗುವ ಹೊತ್ತಿಗೆ ಬೆಳೆಯುತ್ತಿರುವ ಮರಿಗಳು ಉದ್ದ ರೆಕ್ಕೆ ಬೆಳೆಸಿಕೊಂಡು ಹೊರಡುತ್ತವೆ. ನೀವು ಗದ್ದೆಯಲ್ಲಿ ಸುಟ್ಟ ಹಾಗೆ ದುಂಡಗೆ ಒಣಗಿದ ಜಾಗ ನೋಡುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಪಕ್ಕದ ಗದ್ದೆ ಸೇರಿರುತ್ತವೆ.

ಮರಿ ಒತ್ತೊತ್ತಾಗಿ ಬೆಳೆದರೆ ರೆಕ್ಕೆ ಉದ್ದವಾಗುತ್ತದೆ ಅನ್ನುವುದನ್ನು ಜಪಾನಿನ ಕಿಸಿಮೊಟೊ 1956ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಒಳಗಿನ ಯಂತ್ರ ಗೊತ್ತಾದದ್ದು 2015ರಲ್ಲಿ, ಚೀನಾದ ತಂಡದಿಂದ. ನಮ್ಮ ಸಕ್ಕರೆ ಕಾಯಿಲೆಯ ಮಾತಲ್ಲಿ ಬರುವ ಇನ್ಸುಲಿನ್ ಥರದ್ದೇ ರಾಸಾಯನಿಕ ಹುಳದ ಮೈಯಲ್ಲೂ ಇದೆ. ಅದನ್ನು ಹಿಡಿದುಕೊಳ್ಳುವ ಎರಡು ಗ್ರಾಹಕಗಳಲ್ಲಿ ಒಂದು ಮೇಲುಗೈಯಾದರೆ ರೆಕ್ಕೆ ಉದ್ದ, ಇನ್ನೊಂದು ಮೇಲುಗೈಯಾದರೆ ಮೋಟು. ಹೊಟ್ಟೆಗೆ ಸಿಗುವುದರ ಲೆಕ್ಕ ಇಡುವ ವ್ಯವಸ್ಥೆಯೇ ರೆಕ್ಕೆಯನ್ನೂ ತೀರ್ಮಾನ ಮಾಡುತ್ತದೆ ಅನ್ನುವುದು ಎಷ್ಟು ಸರಿಹೊಂದುತ್ತದೆ ನೋಡಿ. ಉದ್ದ ರೆಕ್ಕೆಯವು ಎಷ್ಟು ದೂರ ಹೋಗುತ್ತವೆ ಅಂದರೆ, 1967ರಲ್ಲಿ ಜಪಾನಿನ ದಕ್ಷಿಣಕ್ಕೆ ನಡು ಸಮುದ್ರದಲ್ಲಿದ್ದ ಹವಾಮಾನದ ಹಡಗಿಗೆ ಈ ಜಿಗಿಹುಳುಗಳು ಗುಂಪಾಗಿ ಬಂದು ಇಳಿದಿದ್ದವು. ಜಪಾನಿನ ಚಳಿ ತಡೆಯಲಾರದ ಹುಳ, ಪ್ರತಿ ವರ್ಷ ಸಮುದ್ರ ದಾಟಿಯೇ ಅಲ್ಲಿಗೆ ಹೋಗುತ್ತದೆ.

ನಿಮಗೆ ಇದರಿಂದ ಉಪಯೋಗ ಏನು ಅಂದರೆ, ಗದ್ದೆಯಲ್ಲಿ ಮೋಟು ರೆಕ್ಕೆಯ ಹೆಣ್ಣು ಜಾಸ್ತಿ ಕಂಡರೆ ಹುಳ ಇಲ್ಲೇ ಸಂಸಾರ ಹೂಡಿದೆ, ಸಂಖ್ಯೆ ಏರಲಿದೆ ಅಂತ ಅರ್ಥ. ಆಗ ಯೂರಿಯಾ ಕೈ ಬಿಗಿ ಹಿಡಿಯಿರಿ, ಸಾರಜನಕ ಜಾಸ್ತಿಯಾದ ಪೈರಿನಲ್ಲಿ ಇದು ಚೆನ್ನಾಗಿ ಹೆಚ್ಚುತ್ತದೆ. ಸಿಕ್ಕ ಔಷಧಿ ಹೊಡೆದು ಗದ್ದೆಯ ಜೇಡಗಳನ್ನು ಕೊಂದುಕೊಳ್ಳಬೇಡಿ. ಅವೇ ನಿಮ್ಮ ಕಡೆಯವರು.

ಅವರೆ ಗಿಡದ ಕುಡಿಗೆ ಮುತ್ತುವ ಕರಿ ಹೇನಿನ ಕಥೆಯೂ ಇದೇ. ಗಂಡಿಲ್ಲದೆ ಮರಿ ಹಾಕುತ್ತಾ ಹೋಗುವ ಅವು ಬಹುಪಾಲು ರೆಕ್ಕೆ ಇಲ್ಲದವು. ಒಂದಕ್ಕೊಂದು ಮೈ ತಾಗುವಷ್ಟು ಒತ್ತಾದರೆ ರೆಕ್ಕೆಯ ಮರಿಗಳು ಹುಟ್ಟುತ್ತವೆ. ಅವು ಹಾರಿ ಹೊಸ ಗಿಡಕ್ಕೆ ಇಳಿದ ಮೇಲೆ ಎದೆಯ ಸ್ನಾಯು ಕರಗುತ್ತದೆ, ಈಸಲಿನ ಹಾಗೇ.

ಕೊನೆಗೆ ಬೋರರ್. ಅದಕ್ಕೆ ಮುಂಚೆ ಒಂದು ಅತ್ತಿ ಹಣ್ಣು ಬಿಡಿಸಿ ನೋಡಿ. ಒಳಗೆ ಸಣ್ಣ ಕಣಜಗಳಿರುತ್ತವೆ. ಪರಾಗ ಹೊರುವ ಕಣಜದಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಹಣ್ಣಿನೊಳಗೇ ಹುಟ್ಟಿ, ಅಲ್ಲೇ ಹೆಣ್ಣನ್ನು ಕೂಡಿ, ಹೆಣ್ಣು ಹೊರಗೆ ಹೋಗಲು ದಾರಿ ಕೊರೆದು ಸಾಯುತ್ತದೆ. ರೆಕ್ಕೆ ಇರುವುದು ಹೆಣ್ಣಿಗೆ ಮಾತ್ರ, ಅದರ ಆಯುಸ್ಸು ಒಂದೆರಡು ದಿನ. ಆಫ್ರಿಕದ ನಮೀಬ್ ಮರುಭೂಮಿಯಲ್ಲಿ ಇಂಥ ಕಣಜ ಗಾಳಿ ಹಿಡಿದು 160 ಕಿಲೋಮೀಟರ್ ದೂರದ ಅತ್ತಿ ಜಾತಿಯ ಮರ ತಲುಪಿದ್ದು 2009ರಲ್ಲಿ ವರದಿಯಾಗಿದೆ.

ಬೆರ್ರಿ ಬೋರರ್ ಕೂಡ ಇದೇ ದಾರಿ ಹಿಡಿದ ಹುಳ. ಎರಡು ಮಿಲಿಮೀಟರ್ ಕೂಡ ಇಲ್ಲದ ಕಪ್ಪು ಜೀರುಂಡೆ, ಮೂಲ ಆಫ್ರಿಕ, ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ. ಕಾಯಿಯ ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು ಮಾಡಿ ಹೆಣ್ಣು ಒಳಗೆ ಹೋಗುತ್ತದೆ, ಬೀಜದಲ್ಲೇ ಮೊಟ್ಟೆ ಇಡುತ್ತದೆ. ಹುಟ್ಟುವುದರಲ್ಲಿ ಸುಮಾರು ಹತ್ತು ಹೆಣ್ಣಿಗೆ ಒಂದು ಗಂಡು. ಗಂಡು ಇನ್ನೂ ಸಣ್ಣದು, ರೆಕ್ಕೆ ಮುರುಟಿದ್ದು, ಹಾರಲಾರದು, ಕಾಯಿ ಬಿಟ್ಟು ಹೋಗುವುದಿಲ್ಲ. ಅಕ್ಕ ತಂಗಿಯರನ್ನೇ ಕೂಡುತ್ತದೆ. ಹೊರಗೆ ಬರುವ ಹೆಣ್ಣು ಬಸುರಾಗಿಯೇ ಬರುತ್ತದೆ, ಆದ್ದರಿಂದ ಒಂದೇ ಒಂದು ಹೆಣ್ಣು ಬಂದರೂ ನಿಮ್ಮ ತೋಟದಲ್ಲಿ ಹೊಸ ಸಂಸಾರ ಶುರುವಾಗಬಹುದು. ಕಾಯಿ ಸಿಕ್ಕಿ ಮೊಟ್ಟೆ ಶುರುವಾದರೆ ಅದರ ಹಾರುವ ಸ್ನಾಯುವೂ ಕರಗುತ್ತದೆ, ಆಮೇಲೆ ಆ ಕಾಯಿಯೇ ಅದರ ಗತಿ.

ಹಾಗಾದರೆ ಪಕ್ಕದ ತೋಟದಿಂದ ಬರುತ್ತದಾ? ಬರುತ್ತದೆ. ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದು ಒಣಗಿದ ಕಾಯಿಗಳಲ್ಲಿ ಹೆಣ್ಣುಗಳು ಬೇಸಿಗೆ ಕಳೆಯುತ್ತವೆ, ಒಂದೇ ಕಾಯಿಯಲ್ಲಿ ಹತ್ತಾರು ಇರಬಹುದು. ಕಾಫಿ ಹೂ ಬಿಡಿಸುವ ಹೂ ಮಳೆ, ಅದರ ಬೆನ್ನಿಗೆ ಬರುವ ಮಳೆ ಬಿದ್ದು ತೇವ ಏರಿದಾಗ ಹೊರಬಿದ್ದು ಹೊಸ ಕಾಯಿ ಹುಡುಕುತ್ತವೆ. ಆದರೆ ಇದು ಸೈನಿಕ ಹುಳುವಿನ ಥರ ಅಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲ ಸಲ ಕಂಡು, ಆಮೇಲೆ ಅರಸೀಕೆರೆ ಕಡೆಯ ಮುಸುಕಿನ ಜೋಳಕ್ಕೂ ಬಂತಲ್ಲ, ಆ ಸೈನಿಕ ಹುಳುವಿನ ಪತಂಗ ಒಂದು ರಾತ್ರಿಗೆ 100 ಕಿಲೋಮೀಟರ್ ಹೋಗಬಲ್ಲದು. ಬೋರರ್ ಹೆಣ್ಣಿಗೆ ಹತ್ತಿರದಲ್ಲೇ ಕಾಯಿ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನಿಮ್ಮ ಕಾಟ ಮೊದಲು ಬೇಲಿ ಬದಿಯ ಸಾಲುಗಳಲ್ಲಿ ಕಾಣಬೇಕು. ತೋಟದ ನಡುವೆಯೇ ಜಾಸ್ತಿ ಇದ್ದರೆ ಅದು ನಿಮ್ಮ ಸ್ವಂತ ಉದುರು ಕಾಯಿಯದ್ದು, ಇಲ್ಲವೇ ಕಾಫಿ ಒಣಗಿಸುವ ಕಣದ್ದು, ಇಲ್ಲವೇ ಹೊರಗಿಂದ ಬಂದ ಗೋಣಿ ಚೀಲದ್ದು. ಆಫ್ರಿಕದಿಂದ ಇಲ್ಲಿಯ ತನಕ ಇದನ್ನು ಮುಟ್ಟಿಸಿದ್ದು ಅದರ ರೆಕ್ಕೆ ಅಲ್ಲ, ಕಾಫಿ ಸಾಗಿಸುವ ನಾವು.

ಹಾಗಾಗಿ ಕೊಯ್ಯುವಾಗ ಗಿಡದ ಕೆಳಗೆ ಚಾಪೆ ಅಥವಾ ಟಾರ್ಪಾಲು ಹಾಸಿ, ಉದುರಿದ್ದನ್ನು ಹೂ ಮಳೆಗೆ ಮುಂಚೆ ಆರಿಸಿ ಕುದಿಯುವ ನೀರಿಗೆ ಹಾಕಿ, ಬೀಜ ಚೆನ್ನಾಗಿ ಒಣಗಿಸಿ ಮೂಟೆ ಕಟ್ಟಿ. ಬೇಲಿ ಉದ್ದಕ್ಕೂ, ಕಣದ ಹತ್ತಿರ ಬ್ರೊಕಾ ಟ್ರ್ಯಾಪ್ (ಬೋರರ್ ಹಿಡಿಯುವ ಬಲೆ) ತೂಗುಹಾಕಿದರೆ ಹಾರುವ ಹೆಣ್ಣುಗಳು ಬೀಳುತ್ತವೆ. ಗಂಡು ಬೀಳುವುದಿಲ್ಲ, ಕಾರಣ ಈಗ ನಿಮಗೇ ಗೊತ್ತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿದರೆ ಎಕರೆಗೆ ಎಷ್ಟು, ಯಾವ ತಿಂಗಳು ಅಂತ ನಿಮ್ಮ ಜಾಗ ನೋಡಿ ಹೇಳುತ್ತಾರೆ. ಪಕ್ಕದವರ ಜೊತೆ ಜಗಳಕ್ಕೆ ಹೋಗುವ ಮುಂಚೆ, ಬೇಲಿಯಿಂದ ಒಳಕ್ಕೆ ಸಾಲು ಸಾಲಾಗಿ ಒಂದಷ್ಟು ಗಿಡದ ಕಾಯಿ ನೋಡಿ, ತೂತು ಬಿದ್ದವನ್ನು ಸಾಲುವಾರು ಎಣಿಸಿ ಬರೆದಿಡಿ. ಬೇಲಿ ಬದಿಯಲ್ಲಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ ಅಂತ ಬಂದರೆ ಆ ಚೀಟಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಎರಡೂ ತೋಟದವರು ಸೇರಿ ಆ ಗಡಿಯ ಸಾಲುಗಳ ಉದುರು ಕಾಯಿಯನ್ನು ಒಂದೇ ವಾರದಲ್ಲಿ ಆರಿಸಿಬಿಡಿ.